ಹಿತ್ತಿಲಲ್ಲೊಂದು ಆಟದ ಮನೆ

ಕಳೆದ ತಿಂಗಳ ಸಂಚಿಕೆಯು ಓದುಗರ ಕೈಸೇರಿದ ನಾಲ್ಕೈದು ದಿನಗಳಲ್ಲಿಯೇ ತುಮಕೂರಿನ ಕಡೆಯ ಗೃಹಿಣಿಯೊಬ್ಬರಿಂದ ನಮಗೊಂದು ಕಾಗದ ಬಂದಿತು. ಅವರಿಗೆ ಏಳು ವರ್ಷದ ಮಗನೂ ಐದು ವರ್ಷದ ಮಗಳೂ ಇರುವರು. ಮನೆಯ ಹಿಂದೆ ಎರಡು ಅಂಕಣದಷ್ಟು ಬಯಲು; ಅಲ್ಲಿ ಒಂದು ಸೀಬೆಯ ಮರ, ಒಂದು ಒಗೆಯುವ ಕಲ್ಲು. ನೆರೆಮನೆಯವರು ತಮ್ಮ ಮಕ್ಕಳಿಗೆಂದು ಪೇಟೆಯಿಂದ ಪ್ಲಾಸ್ಟಿಕ್ಕಿನ ಆಟದ ಮನೆಯೊಂದನ್ನು ತರಿಸಿದ್ದಾರಂತೆ. ಅದಕ್ಕೆ ಕೆಂಪು ಛಾವಣಿ, ಹಳದಿಯ ಬಾಗಿಲು, ತೆರೆದು ಮುಚ್ಚುವ ಕಿಟಕಿ. ಅದನ್ನು ಕಂಡಂದಿನಿಂದ ಇವರ ಮಕ್ಕಳಿಗೆ ಊಟ ರುಚಿಸದು. ಯಜಮಾನರು ಅಂತಹುದೇ ಒಂದನ್ನು ಕೊಂಡು ತರಲು ಸಿದ್ಧರಾಗಿದ್ದಾರೆ. ಅತ್ತೆಯವರು ಮಾತ್ರ, "ಎರಡು ಹಳೆಯ ಸೀರೆ ಕಟ್ಟಿಕೊಟ್ಟರೆ ಮನೆಯಾಯಿತು, ನಿನ್ನ ಗಂಡ ಆಡಿ ಬೆಳೆದದ್ದು ಅದರಲ್ಲೇ" ಎನ್ನುತ್ತಾರಂತೆ. "ಮೇಷ್ಟ್ರೇ, ಈ ಇಬ್ಬರಲ್ಲಿ ಯಾರ ಮಾತನ್ನು ನಡೆಸಲಿ?" ಎಂದು ಆ ತಾಯಿಯ ಪ್ರಶ್ನೆ.

ತಾಯಿಗೂ ಮಗನಿಗೂ ನಡುವೆ ನಿಂತು ನ್ಯಾಯ ಹೇಳುವ ಧೈರ್ಯ ನಮಗಿಲ್ಲ. ಆದರೆ ಈ ವ್ಯಾಜ್ಯವು ಹೊಸದಲ್ಲವೆಂಬುದನ್ನು ಮಾತ್ರ ಅವರ ಗಮನಕ್ಕೆ ತರಬಯಸುವೆವು. ಶೂದ್ರಕನ ಮೃಚ್ಛಕಟಿಕ ನಾಟಕದಲ್ಲಿ, ಆರನೆಯ ಅಂಕದ ಆರಂಭದಲ್ಲಿಯೇ, ಇದರ ವಿಚಾರಣೆ ನಡೆದಿರುವುದು. ಬಡತನಕ್ಕಿಳಿದ ಚಾರುದತ್ತನ ಮಗ ರೋಹಸೇನನು ನೆರೆಮನೆಯ ಹುಡುಗನ ಚಿನ್ನದ ಬಂಡಿಯೊಡನೆ ಆಡಿದ್ದಾನೆ. ಅವರು ಅದನ್ನು ಹಿಂದಕ್ಕೆ ಒಯ್ದಿದ್ದಾರೆ. ದಾಸಿ ರದನಿಕೆಯು ಮಣ್ಣಿನ ಬಂಡಿಯೊಂದನ್ನು ಮಾಡಿಕೊಟ್ಟು ರಮಿಸಲು ನೋಡುತ್ತಾಳೆ. ಹುಡುಗನು ಒಪ್ಪನು, ತನಗೆ ಚಿನ್ನದ್ದೇ ಬೇಕೆಂದು ಅಳುತ್ತಾನೆ. ಕೊನೆಗೆ ವಸಂತಸೇನೆಯು ತಾನು ಧರಿಸಿದ್ದ ಒಡವೆಗಳನ್ನು ಕಳಚಿ ಆ ಮಣ್ಣಿನ ಬಂಡಿಯಲ್ಲಿ ತುಂಬಿ, ಚಿನ್ನದ ಬಂಡಿಯನ್ನು ಮಾಡಿಸಿಕೊಳ್ಳೆಂದು ಹೇಳುತ್ತಾಳೆ. ಮಕ್ಕಳಿಗೆ ಮಣ್ಣಿನ ಆಟಿಕೆಯೇ ಶ್ರೇಷ್ಠವೆಂದು ಉಪದೇಶಿಸುವ ನಮ್ಮಂಥವರು ಈ ಪ್ರಕರಣವನ್ನು ಮರೆಯಬಾರದು. ಮಗುವು ಮಣ್ಣಿನದು ಬೇಡವೆಂದೇ ಅತ್ತಿತು. ಕವಿಯು ಮಕ್ಕಳನ್ನು ಬಲ್ಲವನು. ಆದರೆ ರದನಿಕೆಯ ತಪ್ಪು ಬಂಡಿಯು ಮಣ್ಣಿನದಾದುದರಲ್ಲಿ ಇರಲಿಲ್ಲ, ಅದನ್ನು ಗಾಲಿಯವರೆಗೆ ತಾನೇ ಮಾಡಿ ಮುಗಿಸಿ ಕೈಗಿತ್ತುದರಲ್ಲಿ ಇದ್ದಿತೆಂದು ನಮಗೆ ತೋರುವುದು. ಒಂದು ಮುದ್ದೆ ಕಲಸಿದ ಮಣ್ಣನ್ನು ಹುಡುಗನ ಮುಂದಿಟ್ಟು ಅವಳು ತನ್ನ ಕೆಲಸಕ್ಕೆ ಹೋಗಿದ್ದರೆ ಸಂಜೆಯವರೆಗೆ ಅಳುವೇ ಇರುತ್ತಿರಲಿಲ್ಲ. ಶೂದ್ರಕನಿಗೆ ನಾಟಕವೂ ಸಿಕ್ಕುತ್ತಿರಲಿಲ್ಲವೆನ್ನಿ.

ಇರಲಿ. ಆಟದ ಮನೆಗೂ ವಾಸದ ಮನೆಗೂ ಇರುವ ಭೇದವನ್ನು ನಾವು ದೊಡ್ಡವರು ಸುಲಭವಾಗಿ ಮರೆಯುತ್ತೇವೆ. ವಾಸದ ಮನೆಯನ್ನು ಕಟ್ಟುವುದು ಅದು ನಿಲ್ಲಲೆಂದು. ಆಟದ ಮನೆಯನ್ನು ಕಟ್ಟುವುದು ಕಟ್ಟುವ ಸಲುವಾಗಿಯೇ; ಕಟ್ಟಿ ಮುಗಿಯಿತೆಂದರೆ ಆಟವು ಅರ್ಧ ಮುಗಿಯಿತು. ಕುಮಾರಸಂಭವದ ಮೊದಲನೆಯ ಸರ್ಗದಲ್ಲಿ ಬಾಲೆ ಪಾರ್ವತಿಯು ಗೆಳತಿಯರೊಡನೆ ಮಂದಾಕಿನಿಯ ದಡದ ಮರಳಿನಲ್ಲಿ ಜಗಲಿಗಳನ್ನು ಕಟ್ಟಿ ಆಡಿದಳೆಂದು ಕಾಳಿದಾಸನು ಹೇಳುತ್ತಾನೆ. ಪರ್ವತರಾಜನ ಮಗಳು, ರತ್ನದ ಜಗಲಿ ಬೇಕೆಂದರೆ ಮರುದಿನವೇ ಸಿದ್ಧವಾಗುತ್ತಿತ್ತು. ಕವಿಯು ಅವಳಿಗೆ ಕೊಟ್ಟುದು ಮರಳನ್ನು. ನಮ್ಮ ಬೀದಿಯಲ್ಲಿ ಯಾರಾದರೂ ಮನೆ ಕಟ್ಟಲು ಮರಳು ಹೊಡೆಸಿದರೆ ಇಂದಿಗೂ ಮಕ್ಕಳು ಅದರೊಳಗೆ ಪಾದವನ್ನು ಹೂತು, ಮೇಲೆ ಹಸಿಮರಳನ್ನು ತಟ್ಟಿ, ಉಸಿರು ಬಿಗಿಹಿಡಿದು ಮೆಲ್ಲನೆ ಕಾಲನ್ನು ಹಿಂದಕ್ಕೆಳೆದುಕೊಂಡು ಗುಬ್ಬಿಗೂಡು ಮಾಡುವರು. ಹತ್ತು ಗೂಡುಗಳಲ್ಲಿ ಎಂಟು ಕುಸಿಯುವುವು. ಕುಸಿದುವೆಂದು ಅತ್ತ ಮಗುವನ್ನು ನಾವು ಕಂಡಿಲ್ಲ.

ಅವಧಿ ಮುಗಿದೊಡನೆ ಇಳಿಸಿಬಿಡುವ ಕಟ್ಟಡವು ನಮ್ಮವರಿಗೆ ಅಪರಿಚಿತವೂ ಅಲ್ಲ. ಮದುವೆಯ ತೆಂಗಿನ ಗರಿಯ ಚಪ್ಪರವನ್ನು ಯಾರೂ ಹತ್ತು ವರ್ಷ ಬಾಳಲೆಂದು ಹಾಕುವುದಿಲ್ಲ. ಮೈಸೂರು ಸೀಮೆಯ ಮನೆಗಳಲ್ಲಿ ನವರಾತ್ರಿಯ ಬೊಂಬೆಗಳ ಮುಂದೆ ಮಕ್ಕಳು ಮಾಡುವ ತೋಟವನ್ನು ನೆನೆಯಿರಿ: ತಟ್ಟೆಯಲ್ಲಿ ಮಣ್ಣು ಹರಡಿ ರಾಗಿಯನ್ನೋ ಸಾಸಿವೆಯನ್ನೋ ಚೆಲ್ಲಿ ಮೊಳೆಸಿದರೆ ಹುಲ್ಲುಗಾವಲು, ಒಂದು ಕನ್ನಡಿಯಿಟ್ಟರೆ ಕೆರೆ, ರಟ್ಟು ಕತ್ತರಿಸಿ ಅಂಟಿಸಿದರೆ ಮನೆ. ವಿಜಯದಶಮಿ ಕಳೆದೊಡನೆ ಬೊಂಬೆಗಳು ಪೆಟ್ಟಿಗೆಗೆ, ಪೈರು ಹಸುವಿನ ಬಾಯಿಗೆ. ಹಸುವಿಲ್ಲದ ಮನೆಗಳಲ್ಲಿ ಈಗ ಕಸದ ಬುಟ್ಟಿಗೆ.

ಇದೇ ತತ್ತ್ವವನ್ನು ಹಿಡಿದು ಪರದೇಶಗಳ ಸಸ್ಯೋದ್ಯಾನಗಳಲ್ಲಿ ಕೆಲವರು ಬಹು ದೊಡ್ಡ ಪ್ರಮಾಣದಲ್ಲಿ ಕೆಲಸ ಮಾಡಿರುವುದನ್ನು ವಾಚಕರಿಗೆ ತಿಳಿಸಬೇಕು. ಅಮೆರಿಕದಲ್ಲಿ ಪ್ಯಾಟ್ರಿಕ್ ಡೋಹರ್ಟಿ ಎಂಬ ಶಿಲ್ಪಿಯಿರುವರು. ೧೯೪೫ರಲ್ಲಿ ಹುಟ್ಟಿದ ಇವರು ಮೊದಲು ಆಸ್ಪತ್ರೆಗಳ ಆಡಳಿತವನ್ನು ಓದಿ, ಆಮೇಲೆ ಶಿಲ್ಪವನ್ನು ಕಲಿಯಲು ಮತ್ತೆ ವಿದ್ಯಾರ್ಥಿಯಾದವರು. ಇವರು ಕಲ್ಲನ್ನು ಮುಟ್ಟಲಿಲ್ಲ, ಲೋಹವನ್ನು ಮುಟ್ಟಲಿಲ್ಲ. ಎಳೆಯ ಮರಗಳ ಬಳುಕುವ ಕೋಲುಗಳನ್ನು ರಾಶಿರಾಶಿಯಾಗಿ ತರಿಸಿ, ಗಟ್ಟಿಯಾದವನ್ನು ಸಾಲಾಗಿ ನೆಲದಲ್ಲಿ ಹೂತು, ಉಳಿದವನ್ನು ಅವುಗಳ ನಡುವೆ ಬಾಗಿಸಿ ಸಿಕ್ಕಿಸುತ್ತ, ಮನುಷ್ಯನಿಗಿಂತ ಎರಡು ಮೂರು ಪಾಲು ಎತ್ತರದ ಗೂಡುಗಳನ್ನು ಹೆಣೆಯುವರು. ಮೊಳೆಯಿಲ್ಲ, ಒಂದು ಕೋಲನ್ನು ಇನ್ನೊಂದು ಕೋಲು ಹಿಡಿದುಕೊಂಡಿರುವುದು. ನಮ್ಮ ಮೇದರು ಬುಟ್ಟಿ ಹೆಣೆಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆ ಬುಟ್ಟಿಯನ್ನು ಮನೆಯಷ್ಟು ದೊಡ್ಡದಾಗಿ ಬೆಳೆಸಿ, ಬೋರಲು ಹಾಕಿ, ಬಾಗಿಲು ಕಿಟಕಿಗಳನ್ನು ಬಿಟ್ಟರೆ ಹೇಗಿದ್ದೀತು, ಹಾಗೆ. ಒಂದೊಂದು ಗೂಡಿಗೆ ಸುಮಾರು ಮೂರು ವಾರ ಹಿಡಿಯುವುದು, ಊರಿನವರೇ ಕೈಜೋಡಿಸುವರು. ನ್ಯೂಯಾರ್ಕಿನ ಬ್ರೂಕ್ಲಿನ್ ಸಸ್ಯೋದ್ಯಾನವು ೨೦೧೦ರಲ್ಲಿ ತನ್ನ ನೂರನೆಯ ವರ್ಷವನ್ನು ಆಚರಿಸಿದಾಗ ಅಲ್ಲಿಯೂ ಇವರು ಇಂತಹ ಗೂಡುಗಳ ಗುಂಪೊಂದನ್ನು ಕಟ್ಟಿದರು. ಮುನ್ನೂರಕ್ಕೂ ಹೆಚ್ಚು ಕಡೆ ಇವರ ಕೆಲಸ ನಡೆದಿದೆ.

ನಮ್ಮ ಮನಸ್ಸನ್ನು ಸೆಳೆದುದು ಈ ಗೂಡುಗಳ ಎತ್ತರವಲ್ಲ, ಅವುಗಳ ಆಯುಸ್ಸು. ಕೋಲು ಒಣಗುವುದು, ಮಳೆಗೆ ನೆನೆಯುವುದು, ಗಾಳಿಗೆ ಸಡಿಲವಾಗುವುದು. ಸುಮಾರು ಎರಡು ವರ್ಷಕ್ಕೆ ಅದರ ಬಲ ತೀರುವುದೆಂದು ಕಟ್ಟುವವರಿಗೆ ಮೊದಲೇ ಗೊತ್ತು. ಆದುದರಿಂದ ಅದು ಬೀಳುವವರೆಗೆ ಕಾಯದೆ ಇಳಿಸಿಬಿಡುವರು. ಮುನ್ನೂರು ಮನೆಗಳನ್ನು ಕಟ್ಟಿದವನಿಗೆ ನಿಂತಿರುವ ಮನೆಗಳು ಕೆಲವೇ! ಆದರೂ ಆ ಮನುಷ್ಯನು ಬಡವನಾದನೆಂದು ನಮಗೆ ಅನಿಸುವುದಿಲ್ಲ. ನಾವು ಇವನ್ನು ಚಿತ್ರಗಳಲ್ಲಿ ಮಾತ್ರ ನೋಡಿರುವೆವು. ಒಂದು ಚಿತ್ರದಲ್ಲಿ ದೊಡ್ಡವರೆಲ್ಲ ಹೊರಗೆ ನಿಂತು ತಲೆಯೆತ್ತಿ ಮೇಲೆ ನೋಡುತ್ತಿದ್ದಾರೆ. ಮಕ್ಕಳು ಮಾತ್ರ ಒಂದು ಬಾಗಿಲಲ್ಲಿ ನುಗ್ಗಿ ಇನ್ನೊಂದು ಕಿಟಕಿಯಲ್ಲಿ ಮುಖ ತೋರಿಸುತ್ತಿದ್ದಾರೆ.

ಬೆಂಗಳೂರಿನ ಲಾಲ್‌ಬಾಗಿನಲ್ಲಿ ಜನವರಿ, ಆಗಸ್ಟ್ ತಿಂಗಳುಗಳಲ್ಲಿ ಫಲಪುಷ್ಪ ಪ್ರದರ್ಶನ ನಡೆಯುವಾಗ ಗಾಜಿನ ಮನೆಯೊಳಗೆ ಹೂಗಳಿಂದಲೇ ಕಟ್ಟಡಗಳನ್ನು ರಚಿಸಿ ನಿಲ್ಲಿಸುವುದುಂಟು. ಅವೂ ಕೆಲವು ದಿನಗಳ ಕಟ್ಟಡಗಳೇ. ಕೌಶಲದಲ್ಲಿ ಯಾವುದಕ್ಕೂ ಕಡಿಮೆಯಲ್ಲ. ಆದರೆ ಸುತ್ತಲೂ ಹಗ್ಗ, ಹಿಂದಿನವರ ನೂಕು, ನೋಡಿಯಾಯಿತೇ, ಮುಂದೆ ನಡೆಯಿರಿ. ನಮ್ಮ ಮೊಮ್ಮಗಳು ಅಲ್ಲಿಂದ ಹೊರಗೆ ಬಂದೊಡನೆ ಕೇಳಿದ್ದು ಒಂದೇ ಪ್ರಶ್ನೆ: "ತಾತ, ಅದರ ಬಾಗಿಲು ಯಾವ ಕಡೆ ಇತ್ತು?" ಅದಕ್ಕೆ ಬಾಗಿಲಿರಲಿಲ್ಲ.

ಬಾಗಿಲಿದ್ದ ಮನೆಯೊಂದರ ವಿಷಯವನ್ನೂ ಹೇಳಬೇಕು. ಏಕೆಂದರೆ ಕೊಂಡು ತರುವವರ ಪಕ್ಷದಲ್ಲಿ ಇದಕ್ಕಿಂತ ದೊಡ್ಡ ಸಾಕ್ಷ್ಯವಿಲ್ಲ. ೧೯೩೨ರಲ್ಲಿ, ಮುಂದೆ ಇಂಗ್ಲೆಂಡಿನ ರಾಣಿಯಾದ ಎಲಿಜಬೆತ್ ಆರು ವರ್ಷದ ಬಾಲೆಯಾಗಿದ್ದಾಗ, ವೇಲ್ಸ್ ಪ್ರಾಂತದ ಜನರು ಆಕೆಗೊಂದು ಆಟದ ಮನೆಯನ್ನು ಕಾಣಿಕೆಯಾಗಿ ಕೊಟ್ಟರು. ವೇಲ್ಸಿನವರ ಭಾಷೆಯಲ್ಲಿ ಅದಕ್ಕೆ 'ಚಿಕ್ಕ ಕುಟೀರ' ಎಂದೇ ಹೆಸರು. ಎಡ್ಮಂಡ್ ವಿಲ್‌ಮಾಟ್ ಎಂಬ ವಾಸ್ತುಶಿಲ್ಪಿಯು ಅದನ್ನು ರೂಪಿಸಿದನು. ಹುಲ್ಲಿನ ಛಾವಣಿ, ಉದ್ದ ಸುಮಾರು ೨೪ ಅಡಿ, ಒಳಗಿನ ಎತ್ತರ ಐದೇ ಅಡಿ. ಅಡಿಗೆಮನೆ, ಮಲಗುವ ಕೋಣೆ, ಸ್ನಾನದ ಮನೆ, ಕೊಳಾಯಿಯಲ್ಲಿ ನೀರು, ವಿದ್ಯುದ್ದೀಪ, ಎಲ್ಲವೂ ಇದ್ದುವು. ಅಲ್ಲಿಟ್ಟ ಪುಸ್ತಕಗಳು ಕೂಡ ಅದೇ ಅಳತೆಯ ಪುಟ್ಟ ಪುಸ್ತಕಗಳು. ಸಾಗಿಸುವಾಗ ದಾರಿಯಲ್ಲಿ ಬೆಂಕಿ ತಗಲಿ ಭಾಗವೊಂದು ಸುಟ್ಟುಹೋಯಿತು; ಮತ್ತೆ ಕಟ್ಟಿ ವಿಂಡ್ಸರಿನ ರಾಜಗೃಹದ ತೋಟದಲ್ಲಿ ನಿಲ್ಲಿಸಿದರು. ಮೂರು ತಲೆಮಾರಿನ ರಾಜಕುಮಾರಿಯರು ಅಲ್ಲಿ ಗುಡಿಸಿದರು, ಒರಸಿದರು, ಚಹಾ ಕಾಯಿಸಿ ಬಡಿಸಿದರು. ೨೦೧೨ರ ಹೊತ್ತಿಗೆ ಅದರ ಜೀರ್ಣೋದ್ಧಾರವೂ ಆಯಿತು. ರಾಜಕುಮಾರಿಗೆ ಮನೆಗೆಲಸವೇ ಆಟವೆಂಬುದು ವಿನೋದದ ಸಂಗತಿ. ಆದರೆ ತೊಂಬತ್ತು ವರ್ಷ ನಿಂತ ಆ ಮನೆಯಲ್ಲಿ ಒಂದು ಕಿಟಕಿಯನ್ನು ಇಲ್ಲಿಂದ ಕಿತ್ತು ಅಲ್ಲಿಡುವ ಸ್ವಾತಂತ್ರ್ಯ ಯಾವ ಮಗುವಿಗೂ ಇದ್ದಿರಲಾರದು. ಕಾಣಿಕೆಯನ್ನು ಕೆಡಿಸಬಾರದಲ್ಲ!

ಇದಕ್ಕೆ ತದ್ವಿರುದ್ಧವಾದುದು ಡೆನ್ಮಾರ್ಕಿನ ಎಮ್‌ಡ್ರಪ್ ಎಂಬಲ್ಲಿ ನಡೆದ ಪ್ರಯೋಗ. ಸಿ. ಟಿ. ಎಚ್. ಸೋರೆನ್ಸೆನ್ ಎಂಬವರು ಆ ದೇಶದ ಹೆಸರಾಂತ ಉದ್ಯಾನಶಿಲ್ಪಿ. ಅಂದವಾದ ಆಟದ ಬಯಲುಗಳನ್ನು ಮಾಡಿಸಿಕೊಟ್ಟವರು ಅವರೇ. ಮಕ್ಕಳು ಅವನ್ನು ಬಿಟ್ಟು ಕಟ್ಟಡದ ಕೆಲಸ ನಡೆಯುವ ಕಡೆ ಹೋಗಿ ಹಲಗೆ ಇಟ್ಟಿಗೆಗಳಲ್ಲಿ ಆಡುವುದನ್ನು ಕಂಡುಕೊಂಡವರೂ ಅವರೇ. ತನ್ನ ಕೆಲಸದ ಸೋಲನ್ನು ತಾನೇ ನೋಡಿ ಅದರಿಂದ ಕಲಿಯುವವರು ವಿರಳ. ೧೯೩೧ರಷ್ಟು ಹಿಂದೆಯೇ ಅವರು, ಮಕ್ಕಳಿಗಾಗಿ ಹಳೆಯ ಸಾಮಾನುಗಳ ಬಯಲೊಂದು ಏಕಿರಬಾರದೆಂದು ಬರೆದರು. ಅದು ಕೈಗೂಡಿದುದು ೧೯೪೩ರಲ್ಲಿ. ಆಗ ಯುದ್ಧಕಾಲ, ದೇಶವು ಜರ್ಮನರ ವಶದಲ್ಲಿತ್ತು. ಕೋಪನ್‌ಹೇಗನ್ನಿನ ಅಂಚಿನ ಹೊಸ ಬಡಾವಣೆಯಲ್ಲಿ ಒಂದು ಬಯಲಿಗೆ ಮಣ್ಣಿನ ದಿಬ್ಬದ ಆವರಣ ಹಾಕಿ, ಒಳಗೆ ಹಲಗೆ, ಇಟ್ಟಿಗೆ, ಹಗ್ಗ, ಸನಿಕೆ, ಸುತ್ತಿಗೆಗಳನ್ನಿಟ್ಟು ಮಕ್ಕಳನ್ನು ಬಿಟ್ಟರು. ಜಾನ್ ಬರ್ಟೆಲ್ಸೆನ್ ಎಂಬವರು ಮೊದಲ ಮೇಲ್ವಿಚಾರಕರು. ಮಕ್ಕಳು ಗುಹೆ ತೋಡಿದರು, ಮನೆ ಕಟ್ಟಿದರು, ಕೆಡವಿದರು, ಮತ್ತೆ ಕಟ್ಟಿದರು. ತಾವು ರಚಿಸಿದ ಎಲ್ಲ ಸ್ಥಳಗಳಲ್ಲಿ ಇದೇ ಅತ್ಯಂತ ಕುರೂಪವಾದುದೆಂದೂ, ಆದರೂ ತಮ್ಮ ಪಾಲಿಗೆ ಇದೇ ಅತ್ಯಂತ ಸುಂದರವೆಂದೂ ಸೋರೆನ್ಸೆನ್ ಮುಂದೆ ಹೇಳಿಕೊಂಡರು. ೧೯೪೬ರಲ್ಲಿ ಇಂಗ್ಲೆಂಡಿನ ಲೇಡಿ ಆಲನ್ ಎಂಬ ಮಹಿಳೆಯು ಇದನ್ನು ಕಂಡು ಬೆರಗಾಗಿ, ಬಾಂಬು ಬಿದ್ದು ಹಾಳಾದ ಲಂಡನ್ನಿನ ನಿವೇಶನಗಳನ್ನು ಹೀಗೇಕೆ ಬಳಸಬಾರದೆಂದು ಪತ್ರಿಕೆಯಲ್ಲಿ ಬರೆದರು. ಅಲ್ಲಿಯೂ ಇಂತಹ ಬಯಲುಗಳು ಹುಟ್ಟಿಕೊಂಡುವು. ೧೯೭೧ರಲ್ಲಿ ಸೈಮನ್ ನಿಕಲ್ಸನ್ ಎಂಬವರು ಇದಕ್ಕೊಂದು ಸಿದ್ಧಾಂತದ ರೂಪವನ್ನೇ ಕೊಟ್ಟರು. ಅದರ ಸಾರವಿಷ್ಟು: ಒಂದು ಸ್ಥಳದಲ್ಲಿ ಜರುಗಿಸಬಲ್ಲ, ಬಿಚ್ಚಬಲ್ಲ, ಸೇರಿಸಬಲ್ಲ ವಸ್ತುಗಳು ಎಷ್ಟು ಹೆಚ್ಚೋ ಅಲ್ಲಿ ಹೊಸದನ್ನು ಕಂಡುಹಿಡಿಯುವ ಅವಕಾಶವೂ ಅಷ್ಟು ಹೆಚ್ಚು. ನಮ್ಮ ಅಜ್ಜಿಯಂದಿರು ಇದನ್ನು ಸಿದ್ಧಾಂತವೆಂದು ತಿಳಿಯದೆಯೇ ಹಳೆಯ ಸೀರೆಗಳನ್ನು ಎತ್ತಿಡುತ್ತಿದ್ದರು.

ಇಷ್ಟನ್ನು ಓದಿದವರು, ಈ ಮೇಷ್ಟ್ರು ಮಕ್ಕಳ ಪಕ್ಷಪಾತಿಯೆಂದು ತಿಳಿಯಬಹುದು. ಆದುದರಿಂದ ನಮ್ಮದೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ.

ನಾವು ಒಂದು ಸಣ್ಣ ಊರಿನ ಶಾಲೆಯಲ್ಲಿದ್ದ ಕಾಲ. ಶಾಲೆಯ ಹಿಂದಿನ ತೋಟದಲ್ಲಿ, ಹೊಂಗೆಯ ಮರದ ಕೆಳಗೆ, ಐದನೆಯ ತರಗತಿಯ ಏಳೆಂಟು ಹುಡುಗರು ಒಂದು ಮನೆ ಕಟ್ಟಿಕೊಂಡಿದ್ದರು. ಒಡೆದ ಹೆಂಚು, ಗೋಣಿಚೀಲ, ಲಂಟಾನದ ಕಡ್ಡಿ, ಎಲ್ಲಿಂದಲೋ ತಂದ ಒಂದು ತಗಡು. ನೋಡಲು ಕಸದ ಗುಪ್ಪೆಯಂತೆಯೇ ಇದ್ದಿತೆಂದು ಒಪ್ಪಿಕೊಳ್ಳಬೇಕು. ಮಳೆಗಾಲ, ಹುಡುಗರು ಆಟದ ಹೊತ್ತಿನಲ್ಲೆಲ್ಲ ಅದರೊಳಗೇ. ಸೋಮವಾರ ಇನ್ಸ್‌ಪೆಕ್ಟರರು ಬರುವವರಿದ್ದರು. ಶನಿವಾರ ಶಾಲೆ ಬಿಟ್ಟ ಮೇಲೆ ತೋಟವನ್ನು ಶುಚಿಮಾಡಿಸುವ ಭಾರ ನಮ್ಮ ಪಾಲಿಗೆ ಬಂದಿತು. ಯಾರೂ ನಮಗೆ ಆ ಮನೆಯನ್ನು ಕೆಡವಿರೆಂದು ಹೇಳಲಿಲ್ಲ. ನಾವೇ ನಿಂತು ಕೆಡವಿಸಿದೆವು. ಹೆಂಚಿನ ಚೂರುಗಳನ್ನು ಬೇಲಿಯಾಚೆಗೆ ಹಾಕಿಸಿ, ಗೋಣಿ ಕಡ್ಡಿಗಳನ್ನು ಗುಡ್ಡೆ ಮಾಡಿ ಬೆಂಕಿ ಇಡಿಸಿದೆವು. ಅದೇ ವಾರ ಹತ್ತನೆಯ ತರಗತಿಯವರಿಗೆ ರೋಹಸೇನನ ಅಳುವಿನ ಕಥೆಯನ್ನು ಹೇಳಿ, ನಮ್ಮ ಕಥನಕ್ಕೆ ನಾವೇ ಕಣ್ಣು ಒದ್ದೆಮಾಡಿಕೊಂಡಿದ್ದೆವು.

ಸೋಮವಾರ ಬೆಳಗ್ಗೆ ಹುಡುಗರು ಬಂದು ಮರದ ಕೆಳಗೆ ನಿಂತರು. ಗದ್ದಲವಿಲ್ಲ, ದೂರಿಲ್ಲ. ಅವರಲ್ಲೊಬ್ಬ, ತರಗತಿಯಲ್ಲಿ ಬಾಯಿ ಬಿಡದ ಹುಡುಗ, ನಮ್ಮ ಬಳಿ ಬಂದು, "ನಮಗೆ ಹೇಳಿದ್ರೆ ನಾವೇ ಬಿಚ್ತಿದ್ವಿ ಸಾರ್. ಒಳಗಡೆ ಜೀರಂಗಿ ಇತ್ತು" ಎಂದನು. ಬೆಂಕಿಪೊಟ್ಟಣದಲ್ಲಿ ಜಾಲಿಯ ಸೊಪ್ಪು ಹಾಕಿ ಜೀರಂಗಿ ಸಾಕಿದ್ದರಂತೆ. ಅದು ಮೊಟ್ಟೆಯನ್ನೂ ಇಟ್ಟಿತ್ತಂತೆ. ಗೋಣಿಯ ಮಡಿಕೆಯಲ್ಲಿ ಬೆಚ್ಚಗಿರಲೆಂದು ಇಟ್ಟಿದ್ದರು. ನಾವು ಏನು ಉತ್ತರ ಕೊಟ್ಟೆವೆಂಬುದು ನೆನಪಿಲ್ಲ. ಇನ್ಸ್‌ಪೆಕ್ಟರರು ಬರುವ ಹೊತ್ತಾಯಿತು, ತರಗತಿಗೆ ನಡೆಯಿರಿ ಎಂದಿದ್ದೇವು. ಇನ್ಸ್‌ಪೆಕ್ಟರರು ತೋಟದ ಕಡೆಗೆ ಹೋಗಲೇ ಇಲ್ಲ.

ಆ ಹುಡುಗನು ಮನೆಯು ಹೋಯಿತೆಂದು ಕೊರಗಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು. ಅದು ಹೋಗತಕ್ಕದ್ದೆಂದು ಅವನಿಗೂ ಗೊತ್ತಿತ್ತು. ಬಿಚ್ಚುವುದು ತನ್ನ ಕೆಲಸವಾಗಿತ್ತೆಂದು ಮಾತ್ರ ಅವನು ಹೇಳಿದ್ದು. ಡೋಹರ್ಟಿಯವರ ಗೂಡು ಎರಡು ವರ್ಷಕ್ಕೆ ಇಳಿದರೆ ಯಾರೂ ಮರುಗುವುದಿಲ್ಲ. ಪಾದದಿಂದ ಮಾಡಿದ ಗುಬ್ಬಿಗೂಡನ್ನು ಇನ್ನೊಬ್ಬರು ಬಂದು ತುಳಿದರೆ ಮಾತ್ರ ಮಗು ಅಳುವುದು. ಅವಧಿಯುಳ್ಳ ಮನೆಗೂ ಒಡೆಯನಿರುವನು. ಈ ಒಂದು ಮಾತು ನಮಗೆ ಕಾವ್ಯನಾಟಕಗಳಿಂದ ತಿಳಿಯದೆ ಹತ್ತು ವರ್ಷದ ಹುಡುಗನಿಂದ ತಿಳಿಯಬೇಕಾಯಿತು.

ಇನ್ನು ತುಮಕೂರಿನ ತಾಯಿಯ ಪ್ರಶ್ನೆಗೆ ಬರೋಣ. ಪ್ಲಾಸ್ಟಿಕ್ಕಿನ ಮನೆಯನ್ನು ನಾವು ಹೀನೈಸುವುದಿಲ್ಲ. ಅದಕ್ಕೆ ಮಳೆ ತಾಗದು, ಚೂಪಾದ ಅಂಚಿಲ್ಲ, ತೊಳೆದರೆ ಹೊಸದಾಗುವುದು. ಎರಡು ಮೂರು ವರ್ಷದ ಕೂಸುಗಳಿಗೆ ಅದು ಒಳ್ಳೆಯದೇ. ಏಳು ವರ್ಷದವನಿಗೆ ಮಾತ್ರ ಅದು ಒಂದು ತಿಂಗಳಲ್ಲಿ ಹಳತಾಗುವುದೆಂದು ನಮ್ಮ ಅಂದಾಜು. ಯಜಮಾನರು ಕೊಂಡೇ ತರುವುದಾದರೆ, ಅದು ಬಂದ ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಗುಜರಿಗೆ ಹಾಕದೆ ಮಕ್ಕಳಿಗೆ ಕೊಡಲಿ. ಕೊಂಡ ಮನೆಯಲ್ಲಿ ಹೆಚ್ಚು ಹೊತ್ತು ಇರುವರೋ ಪೆಟ್ಟಿಗೆಯಲ್ಲಿಯೋ ಎಂಬುದನ್ನು ಎಂಟು ದಿನ ನೋಡಿ ನಮಗೆ ಬರೆಯಲಿ.

ಕೊಳ್ಳದಿರುವುದಾದರೆ ಅತ್ತೆಯವರ ಸೀರೆಯಿಂದಲೇ ಪ್ರಾರಂಭವಾಗಲಿ. ಸೀಬೆಯ ಕೊಂಬೆಯಿಂದ ಗೋಡೆಯವರೆಗೆ ಒಂದು ಹಗ್ಗ ಕಟ್ಟಿ, ಸೀರೆಯನ್ನೂ ಬಟ್ಟೆಗೆ ಹಾಕುವ ಒಂದು ಡಜನ್ ಕ್ಲಿಪ್ಪುಗಳನ್ನೂ ಕೊಟ್ಟು ಒಳಗೆ ಹೋಗಿಬಿಡಬೇಕು. ತೆಂಗಿನ ಗರಿ, ಸಣ್ಣ ಬಿದಿರು, ಚಾಪೆಯ ತುಂಡು, ತಲೆಕೆಳಗಾಗಿಡಬಹುದಾದ ಒಂದು ಬಕೆಟ್ಟು, ಇವು ಸಾಕು. ಮನೆಯನ್ನು ಹೀಗೆ ಕಟ್ಟು, ಬಾಗಿಲನ್ನು ಪೂರ್ವಕ್ಕಿಡು ಎಂದು ಹೇಳಲು ಬಾಯಿ ತುರಿಸುವುದು, ತಡೆದುಕೊಳ್ಳಬೇಕು. ನಾವು ಇನ್ನೂ ಪೂರ್ತಿಯಾಗಿ ಕಲಿತಿಲ್ಲ.

ದೊಡ್ಡವರು ತಪ್ಪದೆ ನೋಡಿಕೊಳ್ಳಬೇಕಾದ ಸಂಗತಿಗಳೂ ಉಂಟು. ಸಂಪಿನ ಮುಚ್ಚಳಕ್ಕೆ ಬೀಗವಿರಲಿ. ಹಗ್ಗವು ಓಡುವ ಮಗುವಿನ ಕೊರಳಿನ ಮಟ್ಟಕ್ಕೆ ಇರಬಾರದು. ಕುಣಿಕೆ ಹಾಕಿ ಎಲ್ಲಿಯೂ ಇಳಿಬಿಡಬಾರದು. ಹೊರಗಿನಿಂದ ಚಿಲಕ ಬೀಳುವ ಹಳೆಯ ಪೆಟ್ಟಿಗೆ, ಟ್ರಂಕು, ಕೆಟ್ಟುಹೋದ ತಂಗಳ ಪೆಟ್ಟಿಗೆ ಇವು ಹಿತ್ತಿಲಿನಲ್ಲಿಯೇ ಇರಕೂಡದು. ಒಳಗೆ ಅಡಗಿದ ಮಗುವಿಗೆ ಉಸಿರು ಕಟ್ಟುವುದು. ಛಾವಣಿಗೆ ಕಲ್ಲು, ತಗಡು ಬೇಡ. ಇಟ್ಟಿಗೆಯನ್ನು ಕೊಟ್ಟರೆ ಗೋಡೆ ಮೊಣಕಾಲಿಗಿಂತ ಮೇಲೇರಬಾರದು. ಮನೆಗೆ ಎರಡು ದಾರಿಗಳಿರಲಿ. ಬೆಳಗ್ಗೆ ಮಕ್ಕಳು ಹೋಗುವ ಮುನ್ನ ಚಾಪೆ ಗರಿಗಳನ್ನು ಒಮ್ಮೆ ಕೋಲಿನಿಂದ ಕೊಡಹಿ ನೋಡಬೇಕು. ಚೇಳಿಗೂ ಹಾವಿಗೂ ಅಂತಹ ಮನೆ ಇಷ್ಟವೇ. ಇಷ್ಟು ಮಾಡಿದ ಮೇಲೆ ಮೊಣಕಾಲು ತರಚಿಕೊಂಡು ಬಂದರೆ ಅರಿಸಿನ ಹಚ್ಚುವುದಕ್ಕಿಂತ ಮೊದಲು ಚೆನ್ನಾಗಿ ತೊಳೆಯಿರಿ, ಬೈಯಬೇಡಿರಿ.

ಅಷ್ಟು ಬಯಲಿರುವವರು ಬಳ್ಳಿಯ ಮನೆಯೊಂದನ್ನು ಏಕೆ ಬೆಳೆಸಬಾರದು? ನಮ್ಮ ಹಿತ್ತಿಲಿನಲ್ಲಿ ಕಳೆದ ವರ್ಷ ಬೆಳೆಸಿದೆವು. ಐದಡಿ ಅಗಲದ ವೃತ್ತವನ್ನು ಮೊಮ್ಮಗನೇ ಹಗ್ಗ ಹಿಡಿದು ಎಳೆದನು. ಅದರ ಮೇಲೆ ಎಂಟಡಿಯ ಏಳು ಬಿದಿರು ಗಳುಗಳನ್ನು ಒಂದೊಂದು ಅಡಿ ಆಳಕ್ಕೆ ನೆಟ್ಟು, ತುದಿಗಳನ್ನು ಒಟ್ಟುಗೂಡಿಸಿ ತೆಂಗಿನ ಹುರಿಯಿಂದ ಬಿಗಿದು, ಬಾಗಿಲಿಗೆಂದು ಒಂದು ಸಂದನ್ನು ಬಿಟ್ಟು ಉಳಿದೆಡೆಗೆ ಅಡ್ಡ ಹುರಿಗಳನ್ನು ಸುತ್ತಿದೆವು. ಒಂದೊಂದು ಗಳುವಿನ ಬುಡಕ್ಕೂ ಒಂದು ಬೊಗಸೆ ಗೊಬ್ಬರ, ಮೂರು ಮೂರು ಚಪ್ಪರದವರೆಯ ಬೀಜ. ಆಷಾಢದ ಮಳೆಗೆ ಬಿತ್ತಿದುದು ಗಣೇಶನ ಹಬ್ಬದ ಹೊತ್ತಿಗೆ ಮಗುವಿನ ತಲೆಯನ್ನು ಮೀರಿತು. ನವರಾತ್ರಿಗೆ ಒಳಗೆ ನೆರಳಾಯಿತು. ಅವಸರವಿದ್ದವರು ಹೀರೆಯನ್ನು ಹಾಕಬಹುದು. ಅದು ಬೇಗ ಏರುವುದು, ಬೇಗ ಒಣಗುವುದು. ಅವರೆಗೆ ಕಪ್ಪು ಹೇನು ಹತ್ತುವುದುಂಟು. ಹಿಂದೆಯೇ ಇರುವೆಯ ಸಾಲು. ನೀರನ್ನು ರಭಸವಾಗಿ ಎರಚಿ ತೊಳೆಯುವ ಕೆಲಸವನ್ನು ಮಕ್ಕಳಿಗೆ ಬಿಟ್ಟರೆ ಹೇನಿಗಿಂತ ಹೆಚ್ಚಾಗಿ ಅವರೇ ತೊಯ್ಯುವರು.

ಬಳ್ಳಿಯ ಮನೆಯ ಗುಣವೆಂದರೆ ಅದು ನಾಳೆಗೆ ನಾಳೆ ಬೇರೆಯಾಗುವುದು. ಹೂ ಬಿಟ್ಟಾಗ ದುಂಬಿಗಳು ಬಂದುವು; ಮಕ್ಕಳು ಎರಡು ದಿನ ಹೊರಗುಳಿದು ಆಮೇಲೆ ದುಂಬಿಗಳೊಡನೆ ರಾಜಿಯಾದರು. ಕಾಯಿ ಬಿಟ್ಟಾಗ ಮನೆಯ ಗೋಡೆಯನ್ನೇ ಬಿಡಿಸಿ ಹುಳಿಗೆ ಹಾಕಿದೆವೆಂದು ಮೊಮ್ಮಗಳು ಊರೆಲ್ಲ ಸಾರಿ ಬಂದಳು. ಒಂದು ಸಂಜೆ ನಮ್ಮನ್ನೂ ಒಳಗೆ ಕರೆದರು. "ಬಗ್ಗಿ ಬಾ ತಾತ" ಎಂದು ಅಪ್ಪಣೆಯಾಯಿತು. ಬಗ್ಗಿದೆವು. ಒಳಗೆ ಕುಳಿತುಕೊಳ್ಳಲು ನಮಗೊಂದು ಇಟ್ಟಿಗೆಯನ್ನು ತೋರಿಸಿದರು. ಕುಡಿಯಲು ಬರಿಯ ಲೋಟವನ್ನು ಕೊಟ್ಟು ಕಾಫಿಯೆಂದರು. ಕುಡಿದು ಸಕ್ಕರೆ ಸಾಲದೆಂದೆವು. ಮೂಲೆಯಲ್ಲೊಂದು ತಗಡಿನ ಡಬ್ಬಿ ಇದ್ದಿತು. ಅದರಲ್ಲೇನೆಂದು ನಾವು ಕೇಳಲಿಲ್ಲ.

ಸಂಕ್ರಾಂತಿ ಕಳೆದು ಬಿಸಿಲೇರಿದಂತೆ ಎಲೆಗಳು ಹಳದಿಯಾಗಿ ಉದುರತೊಡಗಿದುವು. ಯಾವಾಗ ಬಿಚ್ಚುವಿರೆಂದು ಮೊಮ್ಮಗನನ್ನು ಕೇಳಿದೆವು. ಅವನು ತಂಗಿಯೊಡನೆ ಗುಟ್ಟಾಗಿ ಆಲೋ‌ಚಿಸಿ ಬಂದು, "ಶಿವರಾತ್ರಿಯ ಮಾರನೆಯ ದಿನ" ಎಂದು ತಿಳಿಸಿದನು. ಅಲ್ಲಿಯವರೆಗೆ ಆ ಒಣಗಿದ ಬಳ್ಳಿಯು ಹಿತ್ತಿಲಿನ ಅಂದವನ್ನು ಕೆಡಿಸುತ್ತಿದೆಯೆಂದು ಮನೆಯವರು ಎರಡು ಮೂರು ಬಾರಿ ನಮ್ಮಲ್ಲಿ ದೂರಿದರು. ಬಂದ ನೆಂಟರೂ ಒಬ್ಬರು ಅಂದರು. ನಾವು ಕೇಳಿಸದವರಂತೆ ಇದ್ದೆವು. ಹೇಳಿದ ದಿನ ಇಬ್ಬರೂ ಹುರಿಗಳನ್ನು ಬಿಚ್ಚಿದರು. ಗಳುಗಳನ್ನು ಎಣಿಸಿ ಗೋಡೆಗೆ ಒರಗಿಸಿದರು. ಒಣಕಾಯಿಗಳನ್ನು ಮೊರದಲ್ಲಿ ಬಡಿದು ಬೀಜ ತೆಗೆದರು.

ಬೀಜವು ಒಂದು ಸೇರಿನಷ್ಟಿದೆ. ಒಂದು ಮನೆಗೆ ಇಪ್ಪತ್ತೈದು ಬೀಜಗಳು ಸಾಕು. ಮಳೆ ಹಿಡಿಯುವ ಮುನ್ನ ಬೇಕೆಂಬವರು ಅಂಚೆಚೀಟಿ ಹಚ್ಚಿದ ಸ್ವವಿಳಾಸದ ಲಕೋಟೆಯನ್ನು ಪತ್ರಿಕೆಯ ಕಾರ್ಯಾಲಯಕ್ಕೆ ಕಳುಹಿಸಿದರೆ ತಲುಪಿಸುವೆವು. ಬೀಜಗಳನ್ನು ಎಣಿಸಿ ಹಾಕುವವನು ಮೊಮ್ಮಗನಾದುದರಿಂದ ಒಂದೆರಡು ಹೆಚ್ಚು ಕಡಿಮೆಯಾದರೆ ಓದುಗರು ಕ್ಷಮಿಸಬೇಕು.